ತೇರಗಾಂವಕ್ಕೆ ಬಂದ ಹೆವಿ ಮೆಟಲ್

ಟೇಲರ್ ಈಶಪ್ಪನಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿಯನ್ನು ತೇರಗಾಂವದಲ್ಲಿ ಹಬ್ಬಿಸಿದವನು ಸ್ವತಃ ಈಶಪ್ಪನೇ. ಮುಂಬೈಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಕೆಲಕಾಲ ಕಾಲರ್ ಹೊಲಿದು ಊರಿಗೆ ಮರಳಿದ್ದ. ಬಂದ ಗಿರಾಕಿಗೆಲ್ಲ ‘ಶೋಲ್ಡರ್ ಲೂಸ್’, ‘ಚೆಸ್ಟ್ ಟೈಟ್’ ಎನ್ನುತ್ತ ಎನ್ನುತ್ತ, ತನಗೆ ಆ ಭಾಷೆ ಪೂರ್ತಿ ಬರುತ್ತದೆಂದು ತಾನೇ ನಂಬಿಬಿಟ್ಟ. ಪರೀಕ್ಷೆ ಮಾಡಲು ಇಂಗ್ಲೆಂಡಿನವನು ತೇರಗಾಂವಕ್ಕೆ ಯಾಕಾದರೂ ಬಂದಾನು ಎಂಬ ಧೈರ್ಯ ಬೇರೆ.

೧೯೯೯ರ ಜನವರಿಯ ಒಂದು ರವಿವಾರ ಬಂದ.

ಗೋವಾದಿಂದ ಅನಮೋಡ ಘಾಟು ಹತ್ತಿ ಮುಂಡಗೋಡಿನ ಟಿಬೆಟಿಯನ್ನರ ಮಠಕ್ಕೆ ಹೊರಟಿದ್ದ ಬಾಡಿಗೆ ಕಾರು ಬೆಳಿಗ್ಗೆ ಊರ ನಡುವೆ ಹೊಗೆ ಉಗುಳಿ ನಿಂತಿತು. ಟ್ರ್ಯಾಕ್ಟರ್ ರಿಪೇರಿ ಮಾಡುವ ಮೌಲಾಸಾಬ ಬಾನೆಟ್ ಎತ್ತಿ ನೋಡಿ, ಸಾಮಾನು ಹಳಿಯಾಳದಿಂದಲೇ ಬರಬೇಕೆಂದ. ಡ್ರೈವರನನ್ನು ತನ್ನ ಮೋಟರ್‌ಸೈಕಲ್ ಹಿಂದೆ ಕೂರಿಸಿಕೊಂಡು ಹೊರಟುಹೋದ. ಉಳಿದವನು ಕಾರಿನೊಳಗಿದ್ದ ಬಿಳಿಯ ಮನುಷ್ಯ ಒಬ್ಬನೇ.

ಅವನು ಕೆಳಗಿಳಿದ. ಆರಡಿ ಮೇಲೆ ಎತ್ತರ, ಸೊಂಟದವರೆಗೆ ನರೆತ ಕೂದಲು, ಬಿಸಿಲಲ್ಲೂ ಕರಿ ಚರ್ಮದ ಕೋಟು. ಮುಂಗೈ ಮೇಲೆ ಎಲುಬಿನ ಬುರುಡೆಯ ಹಚ್ಚೆ. ಎದುರು ಮನೆಯ ಹೊಳೆವ್ವ ಸೆರಗು ಬಾಯಿಗಿಟ್ಟುಕೊಂಡಳು.

“ಕರೆಂಟಿನ ಕಂಬದ ಮ್ಯಾಲೆ ಇರ್ತೈತಲ್ಲ, ಅದ ಚಿತ್ರ. ಇಂವಾ ಕರೆಂಟಿನಾಂವನ ಇರಬೇಕು.”

“ಈಶಪ್ಪನ್ನ ಕರೀರಿ” ಎಂದರು ನಾಗಲಿಂಗಪ್ಪ.

ನಾಗಲಿಂಗಪ್ಪ ಊರಿನ ಹಿರಿಯರು. ಅದಕ್ಕಿಂತ ಮುಖ್ಯವಾಗಿ, ಈಶಪ್ಪ ಹೊಲಿಗೆ ಮಷೀನು ಇಟ್ಟುಕೊಂಡಿದ್ದು ಅವರ ಮನೆಯ ಹೊರ ಪಡಸಾಲೆಯಲ್ಲಿ. ಈಶಪ್ಪನನ್ನು ಹುಡುಕಬೇಕಾದದ್ದೂ ಇರಲಿಲ್ಲ. ಜನರ ಗುಂಪನ್ನು ಕಂಡು ಮಷೀನಿನ ಕೆಳಗೆ ಬಿದ್ದ ಸೂಜಿ ಹುಡುಕುವವನಂತೆ ಅಡಗಿದ್ದವನನ್ನು ಅಂಗಿ ಹಿಡಿದು ಎಬ್ಬಿಸಿದರು. ಬಿಳಿಯನನ್ನು ಅದೇ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿ, ಚಹಾ ಕೊಟ್ಟು, ಊರು ಸುತ್ತ ನೆರೆಯಿತು.

ಈಶಪ್ಪ ಗಂಟಲು ಸರಿಮಾಡಿಕೊಂಡ. “ವಾಟ್ ಸೈಜ್?” ಎಂದ. ಬಾಯಿಗೆ ಬಂದದ್ದು ಅದೇ.

ಬಿಳಿಯ ನಕ್ಕ. ನಗು ಒಳ್ಳೆಯದಿತ್ತು. ತನ್ನ ಹೆಸರು ನೆವಿಲ್ ಬ್ಯಾಗ್‌ಶಾ ಎಂದ. ಕೇಳುವವರು ಸಿಕ್ಕಿ ಬಹಳ ದಿನವಾಗಿತ್ತೋ ಏನೋ, ಬದುಕನ್ನೆಲ್ಲ ಹೇಳತೊಡಗಿದ. ಉಕ್ಕಿನ ಕಾರ್ಖಾನೆಯ ಊರಲ್ಲಿ ಹುಟ್ಟಿದ್ದ. ಅಪ್ಪ ಕುಲುಮೆಯ ಕೆಲಸಗಾರ. ಕಾರ್ಖಾನೆಯ ಸದ್ದಿನಲ್ಲಿ ಅಮ್ಮನಿಗೆ ಕೇಳುವಂತೆ ಕೂಗಿ ಕೂಗಿಯೇ ಅವನ ಗಂಟಲು ಬೆಳೆದದ್ದು. ಆ ಗಂಟಲಿನಿಂದಾಗಿ ಚರ್ಚಿನ ಹಾಡುಗಾರರು ಅವನನ್ನು ಹೊರಗೆ ಹಾಕಿದರು. ಮುಂದೆ ನಾಲ್ವರು ಗೆಳೆಯರ ಜೊತೆ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಬ್ಯಾಂಡ್ ಕಟ್ಟಿದ. ಜಪಾನು, ಬ್ರೆಜಿಲ್ಲು, ಎಲ್ಲೆಲ್ಲಿಯೂ ಮೈದಾನ ತುಂಬ ಜನ. ಕಡೆಗೆ ಗಂಟಲು ಸೋತಿತು. ಗೆಳೆಯರೇ ಅವನನ್ನು ‘ಫೈರ್’ ಮಾಡಿ, ಅಂದರೆ ಕೆಲಸದಿಂದ ತೆಗೆದು, ಅವನ ಅರ್ಧ ವಯಸ್ಸಿನವನೊಬ್ಬನನ್ನು ತಂದು ನಿಲ್ಲಿಸಿದರು. ಸದ್ದು ಸಾಕಾಗಿ, ಇನ್ನು ಮೌನವಾಗಿ ಇರಬೇಕೆಂದು ಮಠ ಹುಡುಕಿಕೊಂಡು ಹೊರಟಿದ್ದ.

ಇಷ್ಟೆಲ್ಲದರಲ್ಲಿ ಈಶಪ್ಪನ ಕಿವಿಗೆ ಗಟ್ಟಿಯಾಗಿ ಸಿಕ್ಕ ಮಾತು ನಾಲ್ಕೋ ಐದೋ.

“ಏನಂತಾರ?” ಎಂದರು ನಾಗಲಿಂಗಪ್ಪ.

“ಹೆವಿ ಮೆಟಲ್ ಅಂತರಿ. ಅಂದ್ರ ಭಾರೀ ಲೋಹ. ಅಪ್ಪಂದೂ ಉಕ್ಕಿನ ಕಾರ್ಖಾನಿನ ಅಂತ.”

ಗುಂಪಿನಲ್ಲಿ ಗಾಳಿ ಬೀಸಿದಂತಾಯಿತು. ಜೋಯಿಡಾ ಕಡೆ ಮ್ಯಾಂಗನೀಸ್ ಗಣಿ ನೋಡಿದ್ದ ಜನ. ಮಣ್ಣಿನ ಕೆಳಗೆ ಲೋಹವಿದ್ದರೆ ಮೇಲಿನವರ ಗತಿ ಹೇಗೆ ಬದಲಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

“ಎಲ್ಲೆಲ್ಲಿ ಧಂದೆ ಐತಂತ?”

“ಜಪಾನ್, ಬ್ರೆಜಿಲ್, ಎಲ್ಲಾ ಕಡೆ. ಆದ್ರ ಪಾಲುದಾರರು...” ಈಶಪ್ಪ ತಡವರಿಸಿದ. “ಫೈರ್” ಎಂಬ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. “ಪಾಲುದಾರರು ಇವರ ಮ್ಯಾಲೆ ಗುಂಡು ಹಾರಿಸ್ಯಾರ.”

“ಅಯ್ಯ ಶಿವನ” ಎಂದಳು ಹೊಳೆವ್ವ. “ಎಲ್ಲಿ ಬಿತ್ತಂತ ಕೇಳು.”

“ವೇರ್ ಫೈರ್?” ಎಂದ ಈಶಪ್ಪ.

ನೆವಿಲ್ ನಿಧಾನವಾಗಿ ಕೈ ಎದೆಯ ಮೇಲಿಟ್ಟುಕೊಂಡ. ಹೊಳೆವ್ವನ ಕಣ್ಣು ತುಂಬಿತು. ಮನೆಗೆ ಹೋಗಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದಳು. ಎದೆಗೆ ಗುಂಡು ಬಿದ್ದೂ ಬದುಕಿದವನು ಮೂರು ರೊಟ್ಟಿ ತಿಂದದ್ದನ್ನು ಊರು ಭಕ್ತಿಯಿಂದ ನೋಡಿತು.

ನಾಗಲಿಂಗಪ್ಪ ಈಶಪ್ಪನನ್ನು ಕಂಬದ ಮರೆಗೆ ಕರೆದರು. ಅವರ ಮಗ ಸುಭಾಷ ಐ.ಟಿ.ಐ. ಮುಗಿಸಿ, ದಾಂಡೇಲಿಯ ಎಲ್ಲ ಕಾರ್ಖಾನೆಗಳ ಗೇಟಿನ ಮುಂದೆ ನಿಂತು ಬಂದು, ಈಗ ಮನೆಯಲ್ಲಿ ಮಲಗಿ ಸೂರು ನೋಡುತ್ತಿದ್ದ.

“ಈಶಪ್ಪ, ಇವತ್ತ ಸುಭಾಷಗ ಇವರ ಕಂಪನಿಯೊಳಗ ನೌಕರಿ ಹಚ್ಚಿಸು. ಹಚ್ಚಿದ್ರ ಈ ಪಡಸಾಲಿ ನೀ ಇರೂತನಕ ನಿಂದು. ಇಲ್ಲಂದ್ರ ಮಷೀನು ಎತ್ತಿಕೊಂಡು ಹೋಗು. ಇಷ್ಟು ಇಂಗ್ಲಿಷ್ ಬಂದೂ ಮಂದಿಗೆ ಉಪಯೋಗ ಬೀಳಲಿಲ್ಲಂದ್ರ ನೀ ಯಾಕ ಬೇಕು?”

ಆ ಪಡಸಾಲೆ ಬಿಟ್ಟರೆ ಈಶಪ್ಪನಿಗೆ ಅಂಗಡಿಯಿಲ್ಲ. ಸುಭಾಷನನ್ನು ಎಳೆದು ತಂದು ನಿಲ್ಲಿಸಿ, “ದಿಸ್ ಬಾಯ್ ವಾಂಟ್ ಹೆವಿ ಮೆಟಲ್” ಎಂದ.

ನೆವಿಲ್‌ನ ಮುಖ ಹಬ್ಬವಾಯಿತು. ಕಾಡಿನ ಅಂಚಿನ ಈ ಊರಲ್ಲಿ ತನ್ನ ಸಂಗೀತ ಬೇಕೆನ್ನುವ ಹುಡುಗ. ಎದ್ದು ಬಂದು ಸುಭಾಷನ ಭುಜ ತಟ್ಟಿದ, ಎದೆ ಗುದ್ದಿ ನೋಡಿದ, ಬಾಯಿ ತೆರೆಯುವಂತೆ ಸನ್ನೆ ಮಾಡಿ ಗಂಟಲೊಳಗೆ ಇಣುಕಿದ.

“ಮೆಡಿಕಲ್ ತಪಾಸಣಿ ನಡಸ್ಯಾರ” ಎಂದು ಈಶಪ್ಪ ಪಿಸುಗುಟ್ಟಿದ.

“ಬಾಯಿ ದೊಡ್ಡದು ತೆಗಿಯೋ” ಎಂದರು ನಾಗಲಿಂಗಪ್ಪ.

ಸುಭಾಷ ಎಮ್ಮೆ ಆಕಳಿಸುವಂತೆ ಬಾಯಿ ತೆರೆದ. ಹೇಗೆ ಮಾಡಬೇಕೆಂದು ತೋರಿಸಲು ನೆವಿಲ್ ಒಂದು ಹೆಜ್ಜೆ ಹಿಂದೆ ಸರಿದ. ಕಾಲು ಅಗಲಿಸಿದ, ತಲೆ ಹಿಂದಕ್ಕೆ ಒಗೆದ. ಬಿಟ್ಟುಬಿಟ್ಟೆನೆಂದುಕೊಂಡಿದ್ದ ಜೀವಮಾನದ ಕೆಲಸ ಒಮ್ಮೆಲೇ ನೆನಪಾಗಿರಬೇಕು. ಕೂಗಿದ.

ಅದು ಹಂದಿಯ ಕಿರುಚಾಟದಂತೆ ಶುರುವಾಗಿ, ಘಾಟು ಇಳಿಯುವ ರೈಲಿನಂತೆ ಬೆಳೆದು, ಮುಗಿಯಿತು ಎಂದುಕೊಂಡಾಗ ಮತ್ತೂ ಮೇಲಕ್ಕೆ ಹೋಯಿತು. ಹೊಳೆವ್ವನ ಎಮ್ಮೆ ಗೂಟ ಕಿತ್ತಿತು. ಕೈಯಲ್ಲಿ ಚಹಾ ಇದ್ದವರ ಕೈಯಲ್ಲಿ ಬರೀ ಕಪ್ಪು ಉಳಿಯಿತು. ನಾಗಲಿಂಗಪ್ಪ ಕಂಬ ತಬ್ಬಿಕೊಂಡರು.

ಸದ್ದು ನಿಂತ ಮೇಲೆ ನೆವಿಲ್ ನಾಚಿಕೊಂಡು ಗಂಟಲು ಸವರಿದ. “ಮೈ ಸಾಂಗ್” ಎಂದ.

ಸಾಂಗ್ ಎಂದರೇನೆಂದು ತೇರಗಾಂವಕ್ಕೆಲ್ಲ ಗೊತ್ತಿತ್ತು.

“ಹಾಡಾ?” ನಾಗಲಿಂಗಪ್ಪ ಕಂಬ ಬಿಟ್ಟು ಬಂದರು. “ಇಂವಾ ಹಾಡವನಾ? ಈಶಪ್ಪ, ಗಣಿ ಎಲ್ಲೈತೋ?”

ಈಶಪ್ಪ ಅಂಗಿಯ ಗುಂಡಿ ತಿರುವುತ್ತ ನಿಂತ. “ಅವರಲ್ಲಿ ಹಾಡಿಗೂ ಹಂಗ ಅಂತಾರ ಕಾಣ್ತೈತ್ರಿ.”

“ಎತ್ತು ಮಷೀನು.”

ಅಷ್ಟರಲ್ಲಿ ಸುಭಾಷ ಹೊಲದ ಕಡೆ ಕೈ ತೋರಿಸಿ, “ಅಪ್ಪಾ, ಮಂಗ್ಯಾಗಳು” ಎಂದ. ಎರಡು ವರ್ಷದಿಂದ ನಾಗಲಿಂಗಪ್ಪನ ಮನೆಯ ಹಂಚು ಒಡೆದು, ಒಣಹಾಕಿದ ಶೇಂಗಾ ತಿಂದು, ಪಟಾಕಿಗೂ ಬಗ್ಗದೆ ಕೂತಿದ್ದ ಮಂಗಗಳ ಹಿಂಡು ಸೂರಿನ ಮೇಲಿರಲಿಲ್ಲ. ದೂರದ ಹೊಲ ದಾಟಿ, ಬಾಲ ಎತ್ತಿಕೊಂಡು ಕಾಡಿನ ಕಡೆ ಓಡುತ್ತಿದ್ದವು. ಹಿಂತಿರುಗಿ ನೋಡಿದ್ದು ಒಂದೂ ಇಲ್ಲ.

ನಾಗಲಿಂಗಪ್ಪ ಬಹಳ ಹೊತ್ತು ಆ ಕಡೆಯೇ ನೋಡಿದರು. ಸಿಟ್ಟು ಇಳಿಯಿತು. “ಇರ್ಲಿ ಬಿಡು. ಮಷೀನು ಇಲ್ಲೇ ಇರ್ಲಿ” ಎಂದರು.

ಮಧ್ಯಾಹ್ನ ಕಾರು ಸರಿಹೋಯಿತು. ನೆವಿಲ್ ಎಲ್ಲರಿಗೂ ಕೈಮುಗಿದು, ಹೊಳೆವ್ವನ ಕಾಲು ಮುಟ್ಟಿ, ಮುಂಡಗೋಡಿಗೆ ಹೋದ. ಈಶಪ್ಪ ಜ್ವರ ಬಿಟ್ಟವನಂತೆ ಬೆಂಚಿನ ಮೇಲೆ ಒರಗಿದ.

ಹೊತ್ತು ಇಳಿಯುವ ಮುಂಚೆ ಅದೇ ಕಾರು ತಿರುಗಿ ಬಂತು. ಡ್ರೈವರ್ ಬ್ಯಾಗುಗಳನ್ನು ಪಡಸಾಲೆಗೆ ಇಳಿಸಿ, ಕತ್ತಲಾಗುವುದರೊಳಗೆ ಘಾಟು ದಾಟಬೇಕೆಂದು ಹೊರಟೇಬಿಟ್ಟ. ನೆವಿಲ್ ಈಗ ಈಶಪ್ಪನಿಗೆ ತಿಳಿಯುವಂತೆ ಮಾತಾಡುವುದನ್ನು ಕಲಿತಿದ್ದ. ಒಂದೊಂದೇ ಶಬ್ದ, ಜೊತೆಗೆ ಕೈ ಸನ್ನೆ. ಮಠದಲ್ಲಿ ಇವತ್ತು ದೊಡ್ಡ ಪೂಜೆ ಇತ್ತಂತೆ. ಚಕ್ಕಡಿಯಷ್ಟು ಉದ್ದದ ಕಹಳೆ, ಡೋಲು, ತಾಳ, ನೂರಾರು ಸನ್ಯಾಸಿಗಳ ಗುಡುಗಿನ ದನಿ. ತನ್ನ ಬ್ಯಾಂಡಿಗಿಂತ ಜೋರು, ಮತ್ತು ಅವರು ದಿನವೂ ಬೆಳಗಾಗುವ ಮುಂಚೆ ಶುರು ಮಾಡುತ್ತಾರೆ. ಮೌನ ಸಿಕ್ಕಿದ್ದು ಈ ಊರಲ್ಲೇ, ಈ ಪಡಸಾಲೆಯಲ್ಲೇ. ಇಲ್ಲಿಯೇ ಇರಲು ಬಿಡುತ್ತೀರಾ?

ದಿನವಿಡೀ ಇಂಗ್ಲಿಷ್ ತಿಳಿಯದೆ ಒದ್ದಾಡಿದ್ದ ಈಶಪ್ಪನಿಗೆ ಈ ಮಾತು ಅಕ್ಷರ ಬಿಡದೆ ತಿಳಿಯಿತು.

“ಏನಂತಾರ?” ನಾಗಲಿಂಗಪ್ಪ ಹೊರಗೆ ಬಂದಿದ್ದರು.

“ನೀರು ಕೇಳ್ತಾರ್ರಿ.”

ನೆವಿಲ್ ಪಡಸಾಲೆಯನ್ನು ತೋರಿಸಿ, ಕೈಯನ್ನು ಕೆನ್ನೆಯ ಕೆಳಗಿಟ್ಟು ತಲೆ ವಾಲಿಸಿದ. ಅದನ್ನು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ. ನಾಗಲಿಂಗಪ್ಪ ಒಮ್ಮೆ ಸೂರಿನ ಕಡೆ, ಒಮ್ಮೆ ಅವನ ಗಂಟಲಿನ ಕಡೆ ನೋಡಿ, “ಇರ್ರಿ, ಇರ್ರಿ. ನಿಮ್ಮದ ಮನಿ” ಎಂದರು.

“ಯಜಮಾನ್ರ, ಒಂದು ಮಾತು ಕೇಳ್ರಿ” ಎಂದ ಈಶಪ್ಪ. “ಅವರು ಇನ್ನ ಮ್ಯಾಲೆ ಕೂಗಂಗಿಲ್ಲಂತ. ಸುಮ್ಮನ ಇರ್ಲಿಕ್ಕ ಬಂದಾರ. ಮಂಗ್ಯಾ ಮತ್ತ ಬರ್ತಾವ್ರಿ. ಖರೇ ಹೇಳ್ತೇನಿ.”

“ಮುಂಜಾನೆ ಗಣಿ ಅಂದಿ” ಎಂದರು ನಾಗಲಿಂಗಪ್ಪ. “ಎದಿಗೆ ಗುಂಡು ಅಂದಿ, ಈಗ ನೀರು ಅಂದಿ. ನಿನ್ನ ಇಂಗ್ಲಿಷ್ ಇವತ್ತಿಗೆ ಸಾಕು. ಮಷೀನು ಎತ್ತು.”

“ನಮ್ಮ ಎಮ್ಮಿ ಕೊಟ್ಟಿಗಿಯೊಳಗ ಒಂದು ಮೂಲಿ ಐತಿ, ಬಾ ಈಶಪ್ಪ” ಎಂದಳು ಹೊಳೆವ್ವ. “ಎಮ್ಮಿ ಅಂತೂ ಇನ್ನ ಸಿಕ್ಕಿಲ್ಲ.”

ಈಶಪ್ಪ ಮಷೀನಿನ ಒಂದು ಬದಿ ಹಿಡಿದ. ಒಬ್ಬನಿಂದ ಏಳಲಿಲ್ಲ. ಅವನು ತಿಣುಕುವುದನ್ನು ಕಂಡು ನೆವಿಲ್ ಓಡಿ ಬಂದು ಇನ್ನೊಂದು ಬದಿ ಹಿಡಿದ. ಇಬ್ಬರೂ ಅದನ್ನು ಹೊತ್ತು ದಾರಿ ದಾಟಿದರು. ಎಷ್ಟು ಒಳ್ಳೆಯ ಮನುಷ್ಯನೆಂದರೆ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಹಳ ಕಳಕಳಿಯಿಂದ, ಅಂಥ ಚೆಂದದ ಜಾಗ ಬಿಟ್ಟು ಇಲ್ಲಿಗೆ ಯಾಕೆ ಬರುತ್ತಿದ್ದೀ ಎಂದು ಕೇಳಿದ.

ಈಶಪ್ಪನಿಗೆ ಅದೂ ತಿಳಿಯಿತು. ಉತ್ತರ ಕೊಡುವಷ್ಟು ಇಂಗ್ಲಿಷ್ ಮಾತ್ರ ಅವನಲ್ಲಿರಲಿಲ್ಲ.