ಬಲಗಡೆಯ ಹೂವು

ನಿಮ್ಮ ತಾತನ ಅಕ್ಕ, ಅಂದರೆ ನನ್ನ ಅತ್ತಿಗೆ, ದೇವರನ್ನು ಬೈಯದೆ ಒಂದು ದಿನವೂ ಬಾಯಿಗೆ ತುತ್ತು ಇಟ್ಟವರಲ್ಲ ಎಂದರೆ ನಂಬುತ್ತೀರಾ? ಅದೂ ಗರ್ಭಗುಡಿಯೊಳಗೆ ನಿಂತು, ಈಶ್ವರನ ತಲೆಯ ಮೇಲೆ ನೀರು ಸುರಿಯುತ್ತಾ! "ನಿನ್ನೆ ಮೋಡ ತಂದೆ, ಬಿಚ್ಚಿ ತೋರಿಸ್ದೆ, ಮಡಿಸಿಕೊಂಡು ಹೊಂಟೋದೆ. ಇದೇನು ಸೀರೆ ಅಂಗಡೀನಾ?" ಎಂದು ಕೇಳುತ್ತಲೇ ಬಿಲ್ವಪತ್ರೆ ಏರಿಸುತ್ತಿದ್ದರು. ಆಮೇಲೆ ಮನೆಗೆ ಬಂದು ನೆಮ್ಮದಿಯಾಗಿ ಮುದ್ದೆ ಉಣ್ಣುತ್ತಿದ್ದರು.

ಅವರು ಹೋಗಿ ಎರಡು ವರ್ಷವಾಯಿತು. ಈಗ ಯಾಕೆ ನೆನಪಾದರು ಗೊತ್ತೇ? ದೊಡ್ಡವಳೇ, ಮೊನ್ನೆ ನೀನು ಸ್ಕೂಲಿನಿಂದ ಬಂದು ಬ್ಯಾಗು ಎಸೆದು ಹೇಳಿದೆಯಲ್ಲ, ವಿಜ್ಞಾನದ ಮೇಷ್ಟ್ರು ಒಂದು ಪಾಠ ಬಿಟ್ಟುಬಿಟ್ಟರು ಎಂದು. ಸೋಮವಾರ ಕೇಳಿದರೆ "ಶಿವನ ವಾರ, ಇವತ್ತು ಬ್ಯಾಡ" ಅಂದರಂತೆ. ಮಂಗಳವಾರ ಅಮಾವಾಸ್ಯೆ ಅಂದರಂತೆ. ಬುಧವಾರ "ಮನೇಲಿ ಓದ್ಕೊಳ್ಳಿ" ಅಂದರಂತೆ. ಆ ಪಾಠಕ್ಕೆ ಪಂಚಾಂಗದಲ್ಲಿ ಮುಹೂರ್ತವೇ ಇಲ್ಲವೇನೋ! ನೀನು ಪುಸ್ತಕ ಬಿಚ್ಚಿ ನನ್ನ ಮುಂದೆ ಹಿಡಿದೆ. ನಾನು ಹಾಲು ಉಕ್ಕಿತು ಎಂದು ಎದ್ದು ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಏನು ಮಾಡಲಿ? ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿದರು. ಮಗು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ನಮ್ಮವ್ವ "ದೇವರು ಕೊಡ್ತಾನೆ" ಅಂದಿದ್ದಳು. ಗುಡಿಯಲ್ಲಿ ದೇವರು ಕೊಡುವುದೆಲ್ಲ ಪ್ರಸಾದದ ತಟ್ಟೆಯಲ್ಲೇ ಬರುತ್ತಿತ್ತಲ್ಲ, ಅದಕ್ಕೆ ಮದುವೆಯಾಗುವವರೆಗೂ ನಾನು ಎರಡನೇ ಸಲ ಪ್ರಸಾದಕ್ಕೆ ಕೈ ಒಡ್ಡಲು ಹೆದರುತ್ತಿದ್ದೆ! ಇಂಥ ಅಜ್ಜಿ ಪಾಠ ಹೇಳಿಕೊಡುವುದುಂಟೇ? ಬಾಯಲ್ಲಿ ಬಾರದ್ದನ್ನು ಬರೆದಾದರೂ ಕೊಡೋಣ ಎಂದು ಕೂತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ಬೆಳಗಿನ ಪೂಜೆ ನಿಮ್ಮಪ್ಪನ ಪಾಲಿಗೆ ಬಂತು. ಅವನು ಗಂಟೆ ಬಾರಿಸಿ, ಮಂಗಳಾರತಿ ಮಾಡಿ, ತಿರುಮಣಿಯ ಸೋಲಾರ್ ಕೆಲಸಕ್ಕೆ ಬೈಕು ಹತ್ತಿಬಿಡುತ್ತಿದ್ದ. ಮಿಕ್ಕ ಇಡೀ ದಿನ ಗುಡಿ ಅತ್ತಿಗೆಯದು. ಹೆಂಗಸು ಗರ್ಭಗುಡಿಗೆ ಹೋಗುವುದೇ ಎಂದು ಊರಿನವರು ಮೊದಲು ಗೊಣಗಿದರು. ಆಮೇಲೆ ಅವರ ಬಾಯಿಗೆ ಹೆದರಿ ದೇವರೇ ಸುಮ್ಮನಿದ್ದಾನೆ, ನಮಗೇಕೆ ಎಂದುಕೊಂಡರು.

ಮಧ್ಯಾಹ್ನ ನಾವಿಬ್ಬರೂ ಗುಡಿಯ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದೆವು. ದೂರದಲ್ಲಿ ನಿಡುಗಲ್ ಬೆಟ್ಟ ಬಿಸಿಲಿನ ಹೊಗೆಯಲ್ಲಿ ಕರಗಿ, ಬರೀ ಗೆರೆಯಾಗಿ, ಮತ್ತೆ ಬೆಟ್ಟವಾಗುತ್ತಿತ್ತು. ಸೋಲಾರ್ ಹಲಗೆಗಳು ನಮ್ಮೂರಲ್ಲಿ ಇಲ್ಲದ ಕೆರೆಯ ಹಾಗೆ ಮಿನುಗುತ್ತಿದ್ದವು. ಒಂದೊಂದು ಸಲ ಕೊಕ್ಕರೆಗಳೂ ಮೋಸಹೋಗಿ ಅತ್ತ ಹಾರುತ್ತಿದ್ದವು. ನನಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಅಭ್ಯಾಸ. ಕೈ ಹೂ ಕಟ್ಟುತ್ತಿರುತ್ತದೆ, ನಾನು ಅಲ್ಲಿ ಇರುವುದಿಲ್ಲ. ಅತ್ತಿಗೆ ಮೊಣಕೈಯಿಂದ ತಿವಿದು "ಏನೇ, ಎಲ್ಲಿಗೋಗಿದ್ದೆ? ಬರ್ತಾ ಎಲೆಅಡಿಕೆ ತಂದೇನೇ?" ಅನ್ನುತ್ತಿದ್ದರು.

ಒಂದು ದಿನ ಆಶಾ ಕಾರ್ಯಕರ್ತೆ ಊರಿನ ಹುಡುಗಿಯರನ್ನು ಕೂರಿಸಿಕೊಂಡು ಮೈನೆರೆಯುವುದು, ಬಸಿರು, ಬಾಣಂತನ ಎಲ್ಲ ತಿಳಿಸಬೇಕಿತ್ತು. ಅಂಗನವಾಡಿ ಸೋರುತ್ತಿತ್ತು. ಅತ್ತಿಗೆ "ಗುಡಿ ಮಂಟಪಕ್ಕೆ ಕರ್ಕಂಡ್ ಬಾ" ಎಂದರು. ಊರ ಯಜಮಾನರು ಟವೆಲ್ಲು ಕೊಡವುತ್ತಾ ಬಂದರು.

"ಅಕ್ಕಾ, ದೇವಸ್ಥಾನದಾಗೆ ಇಂಥಾ ಹೊಲಸು ಮಾತಾ? ದೇವರು ಮೆಚ್ತಾನಾ?"

ಅತ್ತಿಗೆ ಎದ್ದು ಅವರ ಕೈ ಹಿಡಿದು ಅಶ್ವತ್ಥಕಟ್ಟೆಯ ನಾಗರಕಲ್ಲಿನ ಮುಂದೆ ನಿಲ್ಲಿಸಿದರು. ಎರಡು ಹಾವು ಹೆಣೆದುಕೊಂಡಿರುವ ಕಲ್ಲು. ಮಕ್ಕಳಾಗಲಿ ಎಂದು ಹೆಂಗಸರು ಹಾಲೆರೆಯುವುದು ಅದಕ್ಕೇ.

"ಲೇ, ಇವೆರಡೂ ಏನ್ ಮಾಡ್ತಾ ಅವೆ ಹೇಳು. ಜಡೆ ಹಾಕ್ಕೊಳ್ತಾ ಅವಾ?"

ಯಜಮಾನರು ಬೆಟ್ಟದ ಕಡೆ ನೋಡಿದರು.

"ಅರಿಶಿನ ಹಚ್ಚಿ ಅಡ್ಡಬೀಳಬೋದು, ಬಾಯಾಗೆ ಹೇಳಬಾರ್ದಾ? ಇದ್ರಿಂದಲೇ ಅಲ್ವೇನ್ಲಾ ನೀನೂ ಹುಟ್ಟಿದ್ದು? ನಿಮ್ಮವ್ವ ಇಪ್ಪತ್ತೊಂದು ವಾರ ಹಾಲೆರೆದವಳೆ, ನಾನೇ ನೋಡಿದೀನಿ!"

ಯಜಮಾನರು ಟವೆಲ್ಲು ತಲೆಗೆ ಸುತ್ತಿಕೊಂಡು ಹೊರಟುಹೋದರು. ಮಂಟಪದಲ್ಲಿ ಪಾಠ ನಡೆಯಿತು. ನಾನು ಕಂಬದ ಹಿಂದೆ ಸೆರಗು ಮುಚ್ಚಿಕೊಂಡು ಕೂತು, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ನನ್ನ ಹೊಟ್ಟೆಯೊಳಗೆ ಏನೇನಿದೆ ಎಂದು ಮೊದಲ ಸಲ ತಿಳಿದುಕೊಂಡೆ.

ಅತ್ತಿಗೆಯ ಪುರಾಣವೂ ಬೇರೆಯೇ. ಹರಕೆಗೆ ಬಂದ ಹೆಂಗಸರನ್ನು ಕೂರಿಸಿಕೊಂಡು ಕೇಳುತ್ತಿದ್ದರು: "ಈಶ್ವರನಿಗೆ ಎಷ್ಟು ಮಕ್ಕಳು? ಎರಡು. ಒಂದು ಮೈಯ ಮಣ್ಣಿಂದ, ಒಂದು ಬೆಂಕಿಯಿಂದ. ಪಾರ್ವತಿಗೆ ಒಂದು ಬೇನೆ ಇಲ್ಲ, ಒಂದು ಹೊಲಿಗೆ ಇಲ್ಲ! ಎರಡೂ ಗಂಡೇ. ಆರತಿಗೊಬ್ಬಳು ಬೇಕು ಅಂತ ಮೂರನೇದಕ್ಕೆ ಹೊಂಟನಾ ಅವನು?"

ಗಡಿಯಾಚೆಯಿಂದ ಬಂದ ಒಬ್ಬಳು ತೆಲುಗಿನಲ್ಲಿ, "ಅಕ್ಕಾ, ನುವ್ವು ಪುರಾಣ ಚೆಪ್ತಾವಾ, ಆಪರೇಷನ್ ಚೆಪ್ತಾವಾ?", ಅಂದರೆ ಹೇಳುತ್ತಿರುವುದು ಪುರಾಣವೋ ಆಪರೇಷನ್ನೋ, ಎಂದು ಕೇಳಿದಳು. ಅತ್ತಿಗೆ, "ಎರಡೂ ಒಂದೇ ಕಣಮ್ಮ, ಕೇಳಿ ಮನೇಲಿ ಹೇಳು" ಅಂದರು.

ಇನ್ನು ನನ್ನ ತಪ್ಪಿನ ವಿಷಯ.

ಚಿಕ್ಕವಳೇ, ನೀನು ಹುಟ್ಟಿದಾಗ ನಿಮ್ಮಮ್ಮನಿಗೆ ಬಹಳ ರಕ್ತ ಹೋಯಿತು. ಮೂರು ಬಾಟಲಿ ಕೊಟ್ಟರು. ಡಾಕ್ಟರಮ್ಮ ನನ್ನನ್ನು ಕರೆದು, "ಇನ್ನೊಂದು ಬಸಿರಾದರೆ ನಿಮ್ಮ ಸೊಸೆ ಉಳಿಯೋದು ಕಷ್ಟ. ಸ್ವಲ್ಪ ಸುಧಾರಿಸಲಿ, ಕರ್ಕೊಂಡು ಬನ್ನಿ, ಆಪರೇಷನ್ ಮಾಡ್ತೀನಿ" ಎಂದರು. ನಾನು ಏನೆಂದೆ ಗೊತ್ತೇ? "ದೇವರನ್ನ ಕೇಳಿ ಹೇಳ್ತೀವಿ."

"ಬೇಗ ಕೇಳಿಬಿಡಿ ಅಮ್ಮ. ಅವರಿಗೆ ಡ್ಯೂಟಿ ಮುಗಿಯಲ್ಲ, ನನಗೆ ಮುಗಿಯುತ್ತೆ" ಎಂದರು ಡಾಕ್ಟರಮ್ಮ.

ಯಾಕೆ ಹಾಗೆಂದೆ? ನನ್ನ ಕನಸಿನಲ್ಲಿ ಒಬ್ಬ ಹುಡುಗನಿದ್ದ. ಮೊಮ್ಮಗ. ಹಣೆಗೆ ವಿಭೂತಿ, ನಿಮ್ಮ ತಾತನ ಅಗಲ ಕಿವಿ, ತುದಿಗಾಲಲ್ಲಿ ನಿಂತು ಗುಡಿಯ ಗಂಟೆಗೆ ಕೈ ಚಾಚುತ್ತಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಎಷ್ಟು ಸ್ಪಷ್ಟವಾಗಿ ಬರುತ್ತಿದ್ದನೆಂದರೆ, ಒಂದು ದಿನ "ಬೀಳ್ತೀಯ ಮಗ, ಜೋಪಾನ" ಎಂದು ಕೂಗಿಯೂಬಿಟ್ಟಿದ್ದೆ! ತಲೆತಲಾಂತರದ ಪೂಜೆ, ಮುಂದೆ ಮಾಡುವವರು ಯಾರು? ನೀವಿಬ್ಬರೂ ನನ್ನ ಕಣ್ಣ ಮುಂದೆಯೇ ಇದ್ದಿರಿ. ಆದರೂ ನಾನು ಇಲ್ಲದವನನ್ನು ನೋಡುತ್ತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಸೋಮವಾರ ಹೂ ಕೇಳಲು ಕೂತೆವು. ನಿಮಗೆ ಗೊತ್ತಲ್ಲ, ಲಿಂಗದ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವು ಅಂಟಿಸುತ್ತಾರೆ. ಬಲದ ಹೂವು ಬಿದ್ದರೆ ಅಪ್ಪಣೆಯಾಯಿತು ಎಂದು, ಎಡದ್ದು ಬಿದ್ದರೆ ಬೇಡ ಎಂದು. ಕೇಳುವವರು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಅತ್ತಿಗೆ ಹೂ ಅಂಟಿಸಿ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತರು. ಒಳಗೆ ಎಣ್ಣೆಯ ದೀಪ, ಎಲ್ಲೋ ತೊಟಕ್ಕೆಂದು ನೀರು. ಕಾಲ ನಿಂತುಹೋದ ಹಾಗಿತ್ತು. ಆ ಹೂವು ಅಲುಗಿತೋ, ದೀಪ ಅಲುಗಿತೋ, ನಾನೇ ಅಲುಗಿದೆನೋ! ಕೊನೆಗೆ ಬಲದ ಹೂವು ಮೆಲ್ಲಗೆ ಜಾರಿತು.

"ಕೊಟ್ಟುಬುಟ್ಟ!" ಎಂದೆವು ಇಬ್ಬರೂ ಒಟ್ಟಿಗೆ. ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

"ಸರಿ, ಬುಧವಾರ ಆಸ್ಪತ್ರೆಗೆ ಕರ್ಕಂಡೋಗಾನ" ಎಂದರು ಅತ್ತಿಗೆ.

"ಆಸ್ಪತ್ರೆಗ್ಯಾಕೆ ಅತ್ತಿಗೆಮ್ಮ? ಅಪ್ಪಣೆ ಆಯ್ತಲ್ಲ, ಗಂಡಾಗೋವರ್ಗೂ ಆಪರೇಷನ್ ಬ್ಯಾಡ ಅಂತ!"

"ಏನಂದೆ? ನಾನು ಕೇಳಿದ್ದು ಆಪರೇಷನ್ ಮಾಡಿಸ್ಲಾ ಅಂತ!"

ಒಂದೇ ಹೂವು, ಎರಡು ಪ್ರಶ್ನೆ! ನಾವು ಈಶ್ವರನ ಮುಖ ನೋಡಿದೆವು. ಅವನು ಯಾರಿಗೆ ಹೂ ಕೊಟ್ಟೆ ಎಂದು ಹೇಳಲಿಲ್ಲ.

"ಪ್ರಶ್ನೆ ನನ್ನದು ಅತ್ತಿಗೆಮ್ಮ, ಹೂವೂ ನನ್ನದೇ. ಮನೆಗೆ ಸೊಸೆ ತಂದವಳು ನಾನು" ಎಂದೆ. ಜನ್ಮದಲ್ಲೇ ಮೊದಲ ಸಲ ಅವರಿಗೆ ಎದುರು ಮಾತಾಡಿದ್ದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಬಿದ್ದ ಹೂವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ಅವತ್ತೂ ಬಲಗಡೆ ಹೂವೇ ಬಿದ್ದಿತ್ತು ಕಣೇ."

"ಯಾವತ್ತು?"

"ನಮ್ಮವ್ವಂಗೆ ಆರಾಗಿತ್ತು. ಮೈಯಾಗೆ ರಕ್ತ ಇರಲಿಲ್ಲ. ಸೂಲಗಿತ್ತಿ ಇನ್ನು ಸಾಕು ಅಂದ್ಲು. ನಮ್ಮಪ್ಪ ಇಲ್ಲೇ ಕುಂತು ಹೂ ಕೇಳ್ದ. ಬಲಕ್ಕೆ ಬಿತ್ತು. ಏಳನೇದು ನಿನ್ನ ಗಂಡ. ಅವನು ಬಂದ, ನಮ್ಮವ್ವ ಹೋದ್ಲು. ನಂಗೆ ಒಂಬತ್ತು ವರ್ಷ, ಅವ್ವನ ಕಾಲು ಮುಟ್ಟಿದ್ರೆ ತಣ್ಣಗಿದ್ವು. ಆ ಕೂಸನ್ನ ಈ ಸೊಂಟದ ಮೇಲೆ ಹೊತ್ತುಕೊಂಡೇ ಬೆಳೆದೆ. ಆ ಹೂವಿಗೆ ಕೈ ಮುಗೀಲಾ, ಬೈಲಾ? ಇವತ್ತಿನವರ್ಗೂ ಗೊತ್ತಾಗಿಲ್ಲ ನಂಗೆ."

ಅತ್ತೆ ಹೆರಿಗೆಯಲ್ಲಿ ಹೋದರು ಎಂಬುದು ಗೊತ್ತಿತ್ತು. ಹೂವಿನ ಮಾತು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ತಾತನಿಗೂ ಹೇಳಿರಲಿಲ್ಲ.

"ನೀನು ಕೇಳ್ದೆ, ನಾನು ಕೇಳ್ದೆ," ಎಂದರು ಅತ್ತಿಗೆ, "ಹೊಟ್ಟೆ ಯಾರ್ದೋ ಅವಳನ್ನ ಯಾರಾದ್ರೂ ಕೇಳಿದ್ವಾ?"

ಮನೆಗೆ ಬಂದೆವು. ನಿಮ್ಮಮ್ಮ ದೊಡ್ಡವಳಿಗೆ ಜಡೆ ಹಾಕುತ್ತಾ, ತೊಡೆಯ ಮೇಲೆ ಚಿಕ್ಕವಳನ್ನು ಮಲಗಿಸಿಕೊಂಡಿದ್ದಳು. ನಿನಗೇನು ಬೇಕಮ್ಮ ಎಂದು ಅಂತೂ ಕೇಳಿದೆ. ಅವಳು ಜಡೆಯಿಂದ ಕೈ ತೆಗೆಯದೆ ಹೇಳಿದಳು: "ಇವ್ರಿಬ್ರೂ ದೊಡ್ಡೋರಾಗೋದನ್ನ ನೋಡಬೇಕು ಅತ್ತೆ. ಅಷ್ಟೇ ನಂಗೆ ಬೇಕಾಗಿರೋದು." ಆ ಮೂರು ತಿಂಗಳು ಅವಳು ಅದೆಷ್ಟು ಹೆದರಿಕೊಂಡಿದ್ದಳೋ! ಒಂದೇ ಸೂರಿನಡಿ ಇದ್ದು ನನಗೆ ಕಂಡಿರಲಿಲ್ಲ.

ಬುಧವಾರ ಮೂವರೂ ಬಸ್ಸು ಹತ್ತಿದೆವು. ಮಧ್ಯಾಹ್ನಕ್ಕೆ ಆಪರೇಷನ್ ಮುಗಿಸಿ, ನಿಮ್ಮಮ್ಮನನ್ನು ತಂದು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದರು. ಅವಳಿಗೆ ಇನ್ನೂ ಮಂಪರು. ಅತ್ತಿಗೆ ಮಂಚದ ತುದಿಯಲ್ಲಿ ಕೂತು, ಹೊದಿಕೆಯೊಳಗೆ ಕೈ ತೂರಿಸಿ, ಅವಳ ಎರಡೂ ಪಾದ ಹಿಡಿದುಕೊಂಡರು. ನೆಂಟರ ಗದ್ದಲ, ಮಕ್ಕಳ ಅಳು ಯಾವುದಕ್ಕೂ ತಿರುಗಲಿಲ್ಲ. ನಾನು ಕಾಫಿ ತಂದೆ, ಮುಟ್ಟಲಿಲ್ಲ.

ನರ್ಸು ಬಂದು, "ಅಜ್ಜೀ, ಅವ್ರು ಚೆನ್ನಾಗವ್ರೆ, ಕಾಲು ಬಿಡಿ, ಮಲಗ್ಲಿ" ಎಂದಳು.

ಅತ್ತಿಗೆ ಬಿಡಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಹಾಗೆ ನನ್ನ ಕಡೆ ಮುಖ ಎತ್ತಿದರು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೊಂದೇ ಸಲ.

"ಬೆಚ್ಚಗವೆ ಕಣೇ," ಎಂದರು. "ಮುಟ್ಟಿ ನೋಡು, ಬೆಚ್ಚಗವೆ."