ಮುಂದಿನ ಎರಡು ಚಕ್ರ

ಮರ್ವಿನ್ ಗಿಲ್‌ಕ್ರಿಸ್ಟನಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಅವಳಿಗೆ ಜೀಪಿನ ಬೆಲೆ ಗೊತ್ತಿಲ್ಲ.

ಜೀಪು ಎಂದರೆ ಮಾವ ಮದುವೆಗೆ ಉಡುಗೊರೆ ಕೊಟ್ಟದ್ದು. ಒಂದು ಕಾಲದಲ್ಲಿ ಹಸಿರು ಬಣ್ಣವಿತ್ತಂತೆ, ಈಗ ಕಿಂಬರ್ಲಿಯ ಕೆಂಪು ಧೂಳಿನದ್ದೇ ಬಣ್ಣ. ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ವರ್ಷವಿಡೀ ಜೆರಾಲ್ಡ್‌ಟನ್ನಿನಲ್ಲಿ ಕಾರ್ಪೆಟ್ ಅಂಗಡಿ ನಡೆಸಿಕೊಂಡು, ಗಿರಾಕಿಗಳ ಮುಂದೆ ಹಲ್ಲು ಕಿರಿದುಕೊಂಡಿರುವ ಮರ್ವಿನ್, ಮಳೆ ಮುಗಿದು ಒಣಗಾಲ ಶುರುವಾಗಿ ಕಿಂಬರ್ಲಿಯ ಕಮರಿಗಳಿಗೆ ಡೇರೆ ಕಟ್ಟಿಕೊಂಡು ಹೊರಡುವ ಹೊತ್ತಾಯಿತೆಂದರೆ ಬೇರೆಯೇ ಮನುಷ್ಯ. ತಲೆಗೆ ಅಗಲ ಅಂಚಿನ ಟೋಪಿ ಬರುತ್ತದೆ, ಸೊಂಟಕ್ಕೆ ಚಾಕು ಬರುತ್ತದೆ, ದನಿ ಅರ್ಧ ಮೆಟ್ಟಿಲು ಕೆಳಗಿಳಿಯುತ್ತದೆ. (ಆ ಚಾಕುವಿನಿಂದ ಇದುವರೆಗೆ ಕತ್ತರಿಸಿದ್ದು ಸಾಸೇಜು ಮಾತ್ರ.)

ಈ ವರ್ಷ ಹೆಂಡತಿ ಕೊರಾಲಿ ತಕರಾರು ತೆಗೆದಳು.

"ನಾನು ಕಮರಿಗೆ ಬರಲ್ಲ ಕಣೋ. ಬ್ರೂಮಿನಲ್ಲಿ ಸಮುದ್ರದ ಎದುರು ಹೋಟೆಲಿದೆ, ಅಲ್ಲಿಗೆ ಹೋಗೋಣ. ಒಂದು ವಾರ ನನಗೆ ಹಾಸಿಗೆ ಅಂದರೆ ಹಾಸಿಗೆ ಆಗಿರಬೇಕು, ಅದರ ಕೆಳಗೆ ಕಲ್ಲು ಇರಬಾರದು. ನೀರು ನಲ್ಲಿಯಿಂದ ಬರಬೇಕು. ನಾನು ಸ್ನಾನ ಮಾಡುವಾಗ ನೀನು ಬಕೆಟ್ಟು ಹಿಡ್ಕೊಂಡು 'ಮುಗೀತಾ, ಮುಗೀತಾ' ಅನ್ನಬಾರದು."

"ಹೋಟೆಲಿಗೆ ಯಾರು ಬೇಕಾದರೂ ಹೋಗ್ತಾರೆ. ಕಮರಿಗೆ ಹೋಗೋಕೆ ಕೈ ಬೇಕು ಕಣೇ, ಕೈ!" ಮರ್ವಿನ್ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿದ. "ಮದುವೆಯಾದಾಗಿನಿಂದ ಒಂದೇ ಒಂದು ಸಲ ಈ ಜೀಪು ಎಲ್ಲಾದರೂ ಹೂತುಕೊಂಡಿದ್ದುಂಟಾ? ಯಾರಾದರೂ ಹಗ್ಗ ಕಟ್ಟಿ ಎಳೆದದ್ದುಂಟಾ? ಯಾವತ್ತು ಈ ಜೀಪಿಗೆ ಇನ್ನೊಬ್ಬನ ಹಗ್ಗ ಬೀಳುತ್ತೋ ಆವತ್ತೇ ಮಾರಿಬಿಡ್ತೀನಿ. ಆಮೇಲೆ ಸಾಯೋವರೆಗೂ ನಿನ್ನ ಹೋಟೆಲೇ!"

ಹದಿಹರೆಯದ ಮಗಳು ಪಿಪ್ಪಾ ಫೋನಿನಿಂದ ತಲೆಯೆತ್ತಿದಳು. "ಅಪ್ಪಾ, ಇದನ್ನ ಇನ್ನೊಂದ್ಸಲ ಹೇಳು. ಸರಿಯಾಗಿ ಕೇಳಿಸಲಿಲ್ಲ."

ಮರ್ವಿನ್ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದ. ಪಕ್ಕದ ಮನೆಯವರಿಗೂ ಕೇಳಿಸಿತು.

ಕೊರಾಲಿ ಒಪ್ಪಿದಳು. ಅವಳು ಒಪ್ಪಿದ್ದಕ್ಕೆ ಮರ್ವಿನ್ನನಿಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯಲ್ಲಿ ಉದಾರಿಯೂ ಆಗಿಬಿಟ್ಟ. "ಈ ಸಲ ನೀನು ಮಹಾರಾಣಿ. ಜೀಪಿನಿಂದ ಕಾಲು ಕೆಳಗಿಡಬೇಡ. ಗೇಟುಗಳನ್ನೆಲ್ಲ ಪಿಪ್ಪಾ ತೆಗೀತಾಳೆ" ಎಂದು ಅಪ್ಪಣೆ ಕೊಡಿಸಿದ. ಕಮರಿಗಳಿಗೆ ಹೋಗುವ ದಾರಿ ಸ್ಟೇಷನ್ನು ಎಂದು ಕರೆಯುವ, ದನ ಸಾಕುವ ದೊಡ್ಡ ದೊಡ್ಡ ಜಮೀನುಗಳ ನಡುವೆ ಹಾದುಹೋಗುತ್ತದೆ, ಅಲ್ಲಲ್ಲಿ ಬೇಲಿ, ಬೇಲಿಗೊಂದು ಗೇಟು. ಸ್ಟೀರಿಂಗ್ ಹಿಡಿದವನು ಇಳಿಯುವುದಿಲ್ಲ, ಪಕ್ಕದಲ್ಲಿ ಕೂತವರು ಇಳಿದು ತೆಗೆಯಬೇಕು, ಗಾಡಿ ದಾಟಿದ ಮೇಲೆ ಮುಚ್ಚಬೇಕು. ಇಷ್ಟು ವರ್ಷ ಆ ಕೆಲಸ ಕೊರಾಲಿಯದಾಗಿತ್ತು. ಅಂಥದೇ ಒಂದು ಸ್ಟೇಷನ್ನಿನಲ್ಲಿ ಹುಟ್ಟಿ ಬೆಳೆದವಳಿಗೆ ಗೇಟು ತೆಗೆಯಲು ಯಾರೂ ಕಲಿಸಬೇಕಾಗಿರಲಿಲ್ಲ.

"ಪಿಪ್ಪಾಗೆ ಎಲ್ಲ ಹೇಳಿಕೊಟ್ಟಿದ್ದೀಯ ತಾನೇ?" ಎಂದು ಕೇಳಿದಳು.

"ಎಲ್ಲ ಹೇಳಿದ್ದೀನಿ" ಎಂದ ಮರ್ವಿನ್. ಅವನು ಹೇಳಿದ್ದು, ತೆರೆದಿದ್ದ ಗೇಟನ್ನು ತೆರೆದೇ ಬಿಡು, ಮುಚ್ಚಿದ್ದನ್ನು ಮುಚ್ಚಿಬಿಡು ಎಂದು. ಗೇಟಿನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ಏನಿದೆ ಎಂಬುದು ಅವನ ಕಲ್ಪನೆಗೂ ಬರಲಿಲ್ಲ.

ಮೊದಲ ದಿನ ಎಲ್ಲ ಸರಿಯಾಗಿತ್ತು. ತಗಡಿನ ಶೀಟಿನ ಹಾಗೆ ಅಲೆಅಲೆಯಾದ ಮಣ್ಣಿನ ರಸ್ತೆಯಲ್ಲಿ ಮೂವರ ಹಲ್ಲುಗಳೂ ಒಂದೇ ತಾಳದಲ್ಲಿ ಕಟಕಟ ಎನ್ನುತ್ತಿದ್ದವು. ಎದುರಿಗೆ ಬಂದ ಗಾಡಿಗಳವರಿಗೆಲ್ಲ ಮರ್ವಿನ್ ಸ್ಟೀರಿಂಗಿನ ಮೇಲಿನಿಂದ ಒಂದು ಬೆರಳು ಎತ್ತಿ ಗಂಭೀರವಾಗಿ ನಮಸ್ಕಾರ ಹೇಳಿದ. ಎರಡನೆಯ ದಿನ ಕಲ್ಲಿನ ಏರು ಶುರುವಾದಾಗ ಜೀಪು ಸ್ವಲ್ಪ ಮುಲುಗಿತು. ಮೂರನೆಯ ಏರಿನಲ್ಲಿ ಹಿಂದಿನ ಚಕ್ರಗಳು ಕಲ್ಲುಗಳನ್ನು ಹಿಂದಕ್ಕೆ ಎಸೆಯುತ್ತ ನಿಂತಲ್ಲೇ ತಿರುಗಿದವು.

"ಡೀಸೆಲ್ಲಿನಲ್ಲಿ ನೀರು ಸೇರಿಸಿದ್ದಾನೆ ಆ ಬಂಕಿನವನು" ಎಂದ ಮರ್ವಿನ್.

"ನಾಲ್ಕು ಚಕ್ರದ ಗೇರು ಹಾಕಿದ್ದೀಯ ತಾನೇ?" ಎಂದಳು ಕೊರಾಲಿ.

"ನನಗೆ ಹೇಳಿಕೊಡ್ತೀಯಾ?" ಮರ್ವಿನ್ ನೆಲದಿಂದೆದ್ದ ಚಿಕ್ಕ ಗೇರುಕಡ್ಡಿಯನ್ನು ಬಡಿದು ತೋರಿಸಿದ. ಅದು ನಾಲ್ಕು ಚಕ್ರದ ಜಾಗದಲ್ಲೇ ಇತ್ತು. ಹಾಗಾದರೆ ತಪ್ಪು ಭಾರದ್ದು. ಭಾರ ಅಂದರೆ ಕೊರಾಲಿ ತಂದಿದ್ದ ದಿಂಬುಗಳದ್ದು. ಮೂರು ದಿಂಬು ತಂದರೆ ಜೀಪು ಏನು ಮಾಡಬೇಕು, ಪಾಪ!

ಏರುಗಳನ್ನು ಹೇಗೋ ದಾಟಿದ ಮೇಲೆ ಪೆಲಿಕನ್ ಕಮರಿಯ ಒಳಕ್ಕೆ ಇಳಿಯುವುದು ಸುಲಭವಾಯಿತು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಒಣಗಿದ ಹೊಳೆಯ ಮರಳು, ಅದರಾಚೆ ಹಸಿರು ನೀರಿನ ಮಡು. ಇಳಿಜಾರಾದ್ದರಿಂದ ಜೀಪು ತಾನೇ ಜಾರಿಕೊಂಡು ಬಂದಂತೆ ಬಂತು. ಮಡುವಿನ ಪಕ್ಕ ಆಗಲೇ ನಾಲ್ಕಾರು ಡೇರೆಗಳಿದ್ದವು. ಅವುಗಳಲ್ಲೊಂದು ನೆವಿಲ್ ಎಂಬುವವರದ್ದು. ಮೆಲ್ಬರ್ನಿನಲ್ಲಿ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು. ಗಾಡಿ ಹೊಸದು, ಡೇರೆ ಹೊಸದು, ಕುರ್ಚಿಗೆ ಅಂಟಿಸಿದ್ದ ಬೆಲೆಚೀಟಿಯೂ ಇನ್ನೂ ಹಾಗೇ ಇತ್ತು. ಇಂಥ ಪ್ರವಾಸ ಅವರಿಗೆ ಜೀವನದಲ್ಲಿ ಮೊದಲನೆಯದು.

ಮರ್ವಿನ್ನನಿಗೆ ಇದಕ್ಕಿಂತ ಇನ್ನೇನು ಬೇಕು? ಸಂಜೆ ಬೆಂಕಿ ಉರಿಯುತ್ತಿದ್ದಂತೆ, ಕೆಂಡದಲ್ಲಿ ರೊಟ್ಟಿ ಬೇಯುತ್ತಿದ್ದಂತೆ, ಅವನ ಉಪನ್ಯಾಸ ಸಾಗಿತು.

"ನೋಡಿ ನೆವಿಲ್, ಗಾಡಿ ಅನ್ನೋದು ಕುದುರೆ ಇದ್ದ ಹಾಗೆ. ನಾಲ್ಕೂ ಕಾಲು ನಿಮ್ಮ ಮಾತು ಕೇಳಬೇಕು. ಮುಂದಿನ ಚಕ್ರ ಎಳೀಬೇಕು, ಹಿಂದಿನದು ತಳ್ಳಬೇಕು. ನಿಮ್ಮ ಹೊಸ ಗಾಡೀಲಿ ಬಟನ್ ಒತ್ತಿದರೆ ಆಯ್ತು. ಇದರಲ್ಲಿ ಹಾಗಲ್ಲ. ಇದರಲ್ಲಿ ಕೈ ಬೇಕು, ಕೈ!"

"ನೀವು ಗುರುಗಳು ಬಿಡಿ" ಎಂದರು ನೆವಿಲ್. ನಿಜವಾದ ಭಕ್ತಿಯಿಂದಲೇ ಅಂದರು. ಕೊರಾಲಿ ರೊಟ್ಟಿಗೆ ಬೆಣ್ಣೆ ಸವರುತ್ತ ಎಲ್ಲ ಕೇಳಿಸಿಕೊಂಡಳು. ಪ್ರತಿ ವರ್ಷ ಇದೇ ಭಾಷಣ, ಪ್ರತಿ ವರ್ಷ ಆ ಎರಡು ಕೈ. ಅವಳಿಗೆ ಸ್ವಲ್ಪ ಬೇಜಾರಾಗುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಮರುದಿನ ಬೆಳಿಗ್ಗೆ ಹೊರಡುವಾಗ ಇಡೀ ಡೇರೆಸಾಲು ಕುರ್ಚಿ ಹಾಕಿಕೊಂಡು ಕೂತಿತ್ತು. ಮರಳಿನ ಹೊಳೆಯಿಂದ ಮೇಲೇರುವ ಗಾಡಿಗಳನ್ನು ನೋಡುವುದು ಅಲ್ಲಿಯವರ ಬೆಳಗಿನ ಮನರಂಜನೆ. ಮರ್ವಿನ್ ಟೈರುಗಳ ಗಾಳಿ ಸ್ವಲ್ಪ ಇಳಿಸಿದ (ಮರಳಿಗೆ ಹಾಗೆಯೇ ಮಾಡಬೇಕು), ಟೋಪಿ ಸರಿಮಾಡಿಕೊಂಡ, ಪ್ರೇಕ್ಷಕರ ಕಡೆ ಒಂದು ಬೆರಳೆತ್ತಿದ, ಹೊರಟ.

ಹೊಳೆಯ ಅರ್ಧದಲ್ಲಿ ಜೀಪು ನಿಂತಿತು. ನಿಂತಿತು ಎನ್ನುವುದಕ್ಕಿಂತ ಕೂತಿತು. ಹಿಂದಿನ ಚಕ್ರಗಳು ಮರಳನ್ನು ಕಾರಂಜಿಯಂತೆ ಚಿಮ್ಮಿಸುತ್ತ ಕೆಳಗೆ, ಇನ್ನೂ ಕೆಳಗೆ ಹೋದವು. ಮುಂದಿನ ಚಕ್ರಗಳು ಮಾತ್ರ ಇದಕ್ಕೂ ತಮಗೂ ಸಂಬಂಧವಿಲ್ಲ ಎನ್ನುವ ಹಾಗೆ ಸುಮ್ಮನಿದ್ದವು.

"ಇಳೀರಿ! ಅಲ್ಲ, ಇಳೀಬೇಡಿ, ಭಾರ ಬೇಕು! ಪಿಪ್ಪಾ, ಸಲಿಕೆ! ದಿಂಬು ಎಸೀರಿ!"

"ಇಳೀಬೇಕಾ, ಬೇಡವಾ?" ಎಂದಳು ಪಿಪ್ಪಾ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು.

"ಇಳಿದು ಹಿಂದೆ ಕೂತ್ಕೋ!"

"ಇಳಿದ ಮೇಲೆ ಹೇಗಪ್ಪಾ ಕೂತ್ಕೊಳ್ಳೋದು?"

ಮರ್ವಿನ್ ಟೈರಿನ ಗಾಳಿ ಇನ್ನಷ್ಟು ಇಳಿಸಿದ. ಜೀಪು ಇನ್ನಷ್ಟು ಕೂತಿತು. ಬಹುಶಃ ಜಾಸ್ತಿ ಇಳಿಸಿದೆನೇನೋ ಎಂದು ಪಂಪಿನಿಂದ ಮತ್ತೆ ತುಂಬಿದ. ಚಕ್ರದ ಮುಂದೆ ಅಗೆದ, ಹಿಂದೆ ಅಗೆದ, ಕೊರಾಲಿಯ ದಿಂಬನ್ನೇ ಚಕ್ರದ ಕೆಳಗೆ ತುರುಕಿದ. ಚಕ್ರ ಅದನ್ನು ಅಗಿದು ಹಿಂದಕ್ಕೆ ಉಗಿಯಿತು. ಬಿಳಿಯ ಗಿಳಿಗಳ ಗುಂಪೊಂದು ಬಂಡೆಯ ಮೇಲೆ ಕೂತು ಕಿರಿಚತೊಡಗಿತು. ಮರ್ವಿನ್ನನಿಗೆ ನಿಜಕ್ಕೂ ಏನೂ ಅರ್ಥವಾಗಲಿಲ್ಲ. ಅದೇ ಜೀಪು, ಅದೇ ಗೇರು, ಅದೇ ಕೈ. ಕಮರಿ ಏನಾದರೂ ಬದಲಾಗಿದೆಯೇ ಎಂದು ಗೋಡೆಗಳನ್ನು ಒಮ್ಮೆ ನೋಡಿದ.

ಮಹಾರಾಣಿ ಕೊನೆಗೆ ಸಿಂಹಾಸನದಿಂದಿಳಿದು ಬಂದು ಅವನ ಪಕ್ಕ ಮರಳಿನಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಹಬ್ಬು ಲಾಕ್ ಮಾಡಿದ್ದೀಯ ತಾನೇ?"

"ಯಾವ ಹಬ್ಬು?"

ಕೊರಾಲಿ ನಕ್ಕಳು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. "ಅದೇ ಕಣೋ, ಮುಂದಿನ ಚಕ್ರದ ನಡುವೆ ಇರೋ ಬಿಲ್ಲೆ. ತಿರುಗಿಸಿದ್ದೀಯ ತಾನೇ?"

"ಅದು ತಿರುಗುತ್ತಾ?" ಎಂದ ಮರ್ವಿನ್.

ಆ ಕಾಲದ ಜೀಪುಗಳಲ್ಲಿ ಒಳಗಿನ ಗೇರುಕಡ್ಡಿ ಎಳೆದರೆ ಅರ್ಧ ಕೆಲಸವಾದ ಹಾಗೆ. ಇಳಿದು, ಮುಂದಿನ ಎರಡೂ ಚಕ್ರಗಳ ಬಿಲ್ಲೆಗಳನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಿದರೇ ಆ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವುದು. ಇಲ್ಲದಿದ್ದರೆ ಅವು ಹಿಂದಿನವು ತಳ್ಳಿದ ಕಡೆ ಉರುಳುತ್ತವೆ ಅಷ್ಟೆ. ಇದನ್ನು ಮಾವ ಮದುವೆಯ ದಿನವೇ ವಿವರವಾಗಿ ಹೇಳಿದ್ದರು. ಮರ್ವಿನ್ ಅವತ್ತು ಹೂಂಗುಟ್ಟುತ್ತ ಜೀಪಿನ ಕನ್ನಡಿಯಲ್ಲಿ ತನ್ನ ಕ್ರಾಪು ನೋಡಿಕೊಳ್ಳುತ್ತಿದ್ದ.

"ಹಾಗಾದರೆ ಇಷ್ಟು ವರ್ಷ ಯಾರು ತಿರುಗಿಸ್ತಿದ್ದರು ಅಂದ್ಕೊಂಡಿದ್ದೆ?" ಕೊರಾಲಿಯ ದನಿ ಏರಿತು.

"ಮೆಲ್ಲಗೆ, ಮೆಲ್ಲಗೆ! ತಿರುಗಿಸಬೇಕು ಅಂತಲೇ ಗೊತ್ತಿಲ್ಲದ ಮೇಲೆ ಯಾರು ಅಂತ ಯಾಕೆ ಅಂದ್ಕೊಳ್ಳಲಿ?"

"ನಮ್ಮಪ್ಪನ ಮನೇಲಿ ಗೇಟು ತೆಗೆಯೋರೇ ಹಬ್ಬೂ ತಿರುಗಿಸಬೇಕು ಅಂತ ಪದ್ಧತಿ. ನಿನಗೂ ಗೊತ್ತು, ನನಗೆ ಬಿಟ್ಟಿದ್ದೀಯ ಅಂದ್ಕೊಂಡಿದ್ದೆ. ಪ್ರತಿ ಸಲ ಗೇಟು ತೆಗೆದು ಬರುವಾಗ ಚಕ್ರದ ಹತ್ತಿರ ಬಗ್ಗುತ್ತಿದ್ದೆನಲ್ಲ, ಏನು ಮಾಡ್ತಿದ್ದೆ ಅಂತ ನೀನು ತಿಳ್ಕೊಂಡಿದ್ದು?"

"ಬೂಟಿನ ಲೇಸು ಕಟ್ಕೊಳ್ತಿದ್ದೀಯ ಅಂತ."

"ಎರಡೂ ಕಡೆ ಹೋಗಿ?"

"ಎರಡು ಬೂಟು ಇರುತ್ತಲ್ಲ!"

ಕೊರಾಲಿಗೆ ಸಿಟ್ಟು ಬಂತು. ಇಷ್ಟು ವರ್ಷ ಬೆಂಕಿಯ ಮುಂದೆ ಕೂತು ಹೊಗಳಿಸಿಕೊಂಡಿದ್ದು ಅವನ ಕೈಗಳು, ಜೀಪನ್ನು ಕಮರಿಯಿಂದ ಹತ್ತಿಸಿದ್ದು ತನ್ನ ಕೈಗಳು. "ಈಗ ಏನು ಮಹಾ, ಈಗ ತಿರುಗಿಸ್ತೀನಿ. ನೀನು ಹತ್ತು" ಎಂದು ಎದ್ದಳು.

ಮರ್ವಿನ್ ಅವಳ ಲಂಗದ ಅಂಚು ಹಿಡಿದು ಕೂರಿಸಿದ. ಆ ಕಡೆಯಿಂದ ನೆವಿಲ್ ಬರುತ್ತಿದ್ದರು. ಹಿಂದೆ ಅವರ ಹೆಂಡತಿ, ಆಕೆಯ ಹಿಂದೆ ಕುರ್ಚಿಗಳಲ್ಲಿದ್ದವರೆಲ್ಲ. ಇವರ ಮುಂದೆ ಕೊರಾಲಿ ಹೋಗಿ ಬಿಲ್ಲೆ ತಿರುಗಿಸಿ, ಜೀಪು ಗುರ್ ಎಂದು ಮೇಲೇರಿದರೆ? ಗುರುಗಳಿಗೆ ಹಬ್ಬೇ ಗೊತ್ತಿಲ್ಲ ಎಂಬ ಸುದ್ದಿ ಅವನಿಗಿಂತ ಮೊದಲೇ ಜೆರಾಲ್ಡ್‌ಟನ್ ಸೇರುತ್ತದೆ. ಮರಳಿನಲ್ಲಿ ಹೂತುಕೊಳ್ಳುವುದು ಅಂಥ ಅವಮಾನವಲ್ಲ, ಯಾರಿಗಾದರೂ ಆಗುತ್ತದೆ. ಆದರೆ ಹಗ್ಗ ಬಿದ್ದರೆ ಜೀಪು ಹೋಯಿತು. ಜೀಪೋ, ಮಾನವೋ?

"ಬಿಡು" ಎಂದು ಪಿಸುಗುಟ್ಟಿದ. "ನೆವಿಲ್ ಎಳೀಲಿ."

"ಹಾಗಾದರೆ ಜೀಪು?"

"ಮಾರೋಣ. ನಿನ್ನ ಹೋಟೆಲಿಗೇ ಹೋಗೋಣ. ಬಾಯಿ ಬಿಡಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ." ಹಾಗೆ ಹೇಳುವಾಗ ಅವನು ಆಗಲೇ ಮಂಡಿಯೂರಿದ್ದ.

ಎದ್ದು ನಿಂತು ದನಿ ಮತ್ತೆ ಕೆಳಗಿಳಿಸಿದ. "ನೆವಿಲ್, ಒಳ್ಳೇ ಸಮಯಕ್ಕೆ ಬಂದಿರಿ. ನಿಮಗೊಂದು ಪಾಠ ಆಗಲಿ ಅಂತಲೇ ಕಾಯ್ತಿದ್ದೆ. ಹಗ್ಗ ತನ್ನಿ, ಹೂತ ಗಾಡೀನ ಎಳೆಯೋದು ಹೇಗೆ ಅಂತ ಹೇಳಿಕೊಡ್ತೀನಿ."

ನೆವಿಲ್ ಸಂಭ್ರಮದಿಂದ ಹೊಸ ಹಗ್ಗ ತಂದರು. ಮರ್ವಿನ್ ತನ್ನ ಕೈಯಾರೆ ಅದನ್ನು ತನ್ನ ಜೀಪಿಗೆ ಕಟ್ಟಿದ. ಗಂಟು ಬಿಗಿಯುವಾಗ ಮಗಳ ಮುಖವನ್ನು ನೋಡಲಿಲ್ಲ. ನೆವಿಲ್ ಗಂಟು ಪರೀಕ್ಷಿಸಲೆಂದು ಬಗ್ಗಿದವರು, ಹಲ್ಲು ನೋಡುವ ಹಾಗೆ ಚಕ್ರದ ಹತ್ತಿರ ಮುಖವಿಟ್ಟು ಹಾಗೇ ನಿಂತರು.

"ಗುರುಗಳೇ, ನಮ್ಮಣ್ಣನ ಹತ್ತಿರವೂ ಇಂಥದ್ದೇ ಜೀಪಿತ್ತು. ಈ ಹಬ್ಬು ಲಾಕ್ ಆಗಿಲ್ಲವಲ್ಲ? ಇದೂ ಪಾಠದಲ್ಲಿ ಸೇರಿದ್ದಾ?"

ಕಮರಿಯೊಳಗೆ ಮಾತು ಚೆನ್ನಾಗಿ ಮೊಳಗುತ್ತದೆ. ಹಬ್ಬು, ಹಬ್ಬು ಎಂದು ಎದುರುಗೋಡೆಯೂ ಎರಡು ಸಲ ಹೇಳಿತು.

"ಹೌದೌದು" ಎಂದ ಮರ್ವಿನ್. "ಅದು... ಮುಂದಿನ ಪಾಠ."

"ಅಪ್ಪಾ," ಪಿಪ್ಪಾ ಕೇಳಿದಳು, "ಹಬ್ಬು ಅಂದರೆ ಏನು? ನೀನು ನನಗೆ ಗೇಟಿನ ವಿಷಯ ಮಾತ್ರ ಹೇಳಿದ್ದೆ."

ಮೊದಲು ನಕ್ಕವರು ನೆವಿಲ್‌ರ ಹೆಂಡತಿ. ಆಮೇಲೆ ಯಾರು ಯಾರು ನಕ್ಕರೆಂದು ಲೆಕ್ಕವಿಡುವ ಸ್ಥಿತಿಯಲ್ಲಿ ಮರ್ವಿನ್ ಇರಲಿಲ್ಲ. ಕೊರಾಲಿ ಒಬ್ಬಳೇ ನಗಲಿಲ್ಲ. ಅವಳು ಆ ಕಡೆಯ ಬಿಲ್ಲೆ ತಿರುಗಿಸಿದಳು, ಸುತ್ತಿ ಬಂದು ಈ ಕಡೆಯದನ್ನೂ ತಿರುಗಿಸಿದಳು, ಹಗ್ಗ ಬಿಚ್ಚಿ ನೆವಿಲ್‌ರ ಕೈಗೆ ಕೊಟ್ಟಳು. ಸ್ಟೀರಿಂಗಿನ ಮುಂದೆ ಹೋಗಿ ಕೂತಳು. ಸೀಟನ್ನು ತನ್ನ ಅಳತೆಗೆ ಮುಂದಕ್ಕೆಳೆದುಕೊಂಡಳು. ಜೀಪು ಒಮ್ಮೆ ಮೈಮುರಿಯಿತು, ನಾಲ್ಕೂ ಚಕ್ರಗಳಿಂದ ಮರಳನ್ನು ಹಿಡಿದು, ಮೆಲ್ಲಗೆ, ಏನೂ ಆಗಿಯೇ ಇಲ್ಲವೆಂಬಂತೆ ದಂಡೆ ಹತ್ತಿ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಮರ್ವಿನ್ ಹರಿದ ದಿಂಬು ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದ. ಮುಂದಿನ ಸೀಟಿನಲ್ಲಿ ಪಿಪ್ಪಾ ಆಗಲೇ ಕೂತಿದ್ದಳು. ಹಿಂದೆ, ಐಸ್ ಪೆಟ್ಟಿಗೆಯ ಪಕ್ಕದಲ್ಲಿ, ಒಬ್ಬರಿಗೆ ಸಾಲುವಷ್ಟು ಜಾಗವಿತ್ತು.

"ಹೋಗಲಿ ಬಿಡು" ಎಂದ ಅವನು, ತೂರಿಕೊಂಡು ಕೂರುತ್ತ. "ಕೊಟ್ಟ ಮಾತು ಕೊಟ್ಟ ಹಾಗೆ. ಹಗ್ಗ ಬಿದ್ದಿದ್ದಂತೂ ನಿಜ. ಬ್ರೂಮಿಗೆ ಹೋಗ್ತಿದ್ದ ಹಾಗೇ ಜೀಪು ಮಾರಿಬಿಡೋಣ. ಹೋಟೆಲಿನಲ್ಲಿ ಎರಡು ದಿನ ಮಲಗ್ತೀನಿ, ನನಗೂ ಸಾಕಾಗಿದೆ."

ಕೊರಾಲಿ ಕನ್ನಡಿಯಲ್ಲಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಇಷ್ಟು ವರ್ಷ ಅವನು ನೋಡಿರದ ಒಂದು ಹೊಳಪಿತ್ತು. ದಂಡೆಯ ಮೇಲೆಯೇ, ಬ್ರೂಮಿಗೆ ಬೆನ್ನು ಹಾಕಿ, ಇನ್ನೂ ದೂರದ ಇನ್ನೊಂದು ಕಮರಿಗೆ ಹೋಗುವ ದಾರಿ ಕವಲೊಡೆಯುತ್ತಿತ್ತು. ಅವಳು ಸ್ಟೀರಿಂಗನ್ನು ಅತ್ತ ತಿರುಗಿಸಿದಳು.

"ನಮ್ಮಪ್ಪನ ಜೀಪನ್ನ ಮಾರೋದಕ್ಕೆ ನೀನು ಯಾರಪ್ಪಾ?" ಎಂದಳು.