ಮೂರು ತಾಲ್ಲೂಕು, ಹದಿನೈದು ಸಹಿ

ಬೆನ್ನು, ಕುತ್ತಿಗೆ, ಮೊಣಕಾಲು ಹಿಡಿದವರ ನಡುವೆ ಹದಿನೆಂಟು ವರ್ಷ ಕಳೆದವಳು ನಾನು. ವಿಚಿತ್ರ ಪ್ರಸಂಗಗಳೆಲ್ಲ ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೋ ಗೊತ್ತಿಲ್ಲ. ಸಾಗರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಜೊತೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಸೇರಿದ ಫಿಸಿಯೋಥೆರಪಿಸ್ಟರ ಸಂಘಕ್ಕೆ ನಾಲ್ಕು ವರ್ಷದಿಂದ ಕಾರ್ಯದರ್ಶಿ. ಸದಸ್ಯರು ಇಪ್ಪತ್ತಮೂರು ಜನ. ಹೇಳಿದ ದಿನ ರೋಗಿ ಬರದಿದ್ದರೆ ಇಪ್ಪತ್ತಮೂರು ಜನಕ್ಕೂ ಸಿಟ್ಟು ಬರುತ್ತದೆ. ಹೇಳಿದ ದಿನ ಸಂಘದ ಸಭೆಗೆ ಮಾತ್ರ ಅವರು ಬರುವುದಿಲ್ಲ. ಮನುಷ್ಯರು ಹೀಗೇಕೆ ಎನ್ನುವುದು ನನಗೆ ಮೊದಲಿನಿಂದಲೂ ಕುತೂಹಲ.

ಈ ವರ್ಷ ಕುತೂಹಲದ ಜೊತೆಗೆ ಹೆದರಿಕೆಯೂ ಸೇರಿತು. ವಾರ್ಷಿಕ ಸಭೆಗೆ ಹದಿನೈದು ಸದಸ್ಯರು ಬಂದು ಸಹಿ ಹಾಕದಿದ್ದರೆ ನಮ್ಮ ಶಾಖೆಯನ್ನು ಮುಚ್ಚಿ ಜಿಲ್ಲೆಗೆ ಸೇರಿಸುತ್ತೇವೆ ಎಂದು ಜಿಲ್ಲಾ ಸಂಘದಿಂದ ಪತ್ರ ಬಂತು. ಓದಿ ನನಗೆ ನಿಜವಾಗಿಯೂ ಸಂಕಟವಾಯಿತು. ಒಬ್ಬಳೇ ಕೂತು ಕ್ಲಿನಿಕ್ ನಡೆಸುವಾಗ, ಕಷ್ಟದ ಕೇಸು ಬಂದರೆ ಕೇಳಲು ಪಕ್ಕದೂರಿನಲ್ಲಿ ನಮ್ಮವರಿದ್ದಾರೆ ಎಂಬ ಧೈರ್ಯ ಕೊಟ್ಟದ್ದು ಈ ಸಂಘವೇ. ಹೇಗಾದರೂ ಮಾಡಿ ಉಳಿಸಿಕೊಳ್ಳಬೇಕು ಎಂದು ಟೊಂಕ ಕಟ್ಟಿ ನಿಂತೆ.

ವಾರ್ತಾಪತ್ರ

ಪ್ರತಿ ತಿಂಗಳು ಎರಡು ಪುಟದ ವಾರ್ತಾಪತ್ರ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಕೆಲಸ. ಸುದ್ದಿ ಕಳಿಸಿ ಎಂದು ಬೇಡಿಕೊಂಡರೆ ಯಾರೂ ಕಳಿಸುವುದಿಲ್ಲ, ಹಾಕಿದ ಕೂಡಲೇ ಮೆಚ್ಚುಗೆಯ ಮೂರು ಹೆಬ್ಬೆರಳು ಬರುತ್ತವೆ. ಆ ಮೂವರಾದರೂ ಓದುತ್ತಾರೆಯೇ ಎಂದು ತಿಳಿಯುವ ಚಪಲ ನನಗೆ. ಒಂದು ಸಲ ಹಿಂದಿನ ತಿಂಗಳ ಪತ್ರವನ್ನೇ ತೆಗೆದು, ತಿಂಗಳ ಹೆಸರು ಮಾತ್ರ ಬದಲಿಸಿ ಹಾಕಿಬಿಟ್ಟೆ.

ಮೂರು ಹೆಬ್ಬೆರಳು ಬಂದವು. ಸಂಜೆ ತೀರ್ಥಹಳ್ಳಿಯಿಂದ ನಮ್ಮ ಅಧ್ಯಕ್ಷರ ಫೋನು. ಅವರು ಹಿರಿಯರು; ಸಿಕ್ಕಿಬಿದ್ದೆ ಅಂದುಕೊಂಡು ನಾನು ತಪ್ಪೊಪ್ಪಿಗೆಗೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಈ ಸಲದ್ದು ಭಾರಿ ಚೆನ್ನಾಗಿ ಬಂದಿದೆ ಕಣಮ್ಮ. ಹೋದ ತಿಂಗಳದ್ದು ಸ್ವಲ್ಪ ಸಪ್ಪೆ ಆಗಿತ್ತು ನೋಡು."

ಸೇತುವೆ

ತುಮರಿ ಕಡೆಯ ಸದಸ್ಯರೊಬ್ಬರು ಸಂಘ ಶುರುವಾದಾಗಿನಿಂದ ಸಾಗರದಲ್ಲಿ ನಡೆದ ಒಂದು ಸಭೆಗೂ ಬಂದವರಲ್ಲ. ಹಿನ್ನೀರು ದಾಟಿಸುವ ಲಾಂಚ್ ತಪ್ಪಿತು, ಲಾಂಚ್ ಕೆಟ್ಟಿತು, ಲಾಂಚಿನಲ್ಲಿ ಜಾಗ ಇರಲಿಲ್ಲ. ಹಿನ್ನೀರಿನ ಆಚೆ ಇರುವವರನ್ನು ಏನೆಂದು ಬೈಯುವುದು? ಸೇತುವೆ ಆಗಲಿ ಎಂದು ಅವರ ಊರಿನವರಷ್ಟೇ ಆಸೆಯಿಂದ ಕಾದವಳು ನಾನು.

ಸೇತುವೆ ಆಯಿತು. ಮುಂದಿನ ಸಭೆಗೂ ಮನುಷ್ಯ ನಾಪತ್ತೆ. ಈಗ ಏನು ಕಾರಣ ಹೇಳಬಹುದು ಎಂಬ ಕುತೂಹಲಕ್ಕೇ ಫೋನು ಮಾಡಿದೆ. ಅವರ ದನಿಯಲ್ಲಿ ನಿಜವಾದ ಸುಸ್ತಿತ್ತು. "ಎಂತ ಹೇಳ್ಲಿ ಮೇಡಂ, ಇಷ್ಟು ವರ್ಷ ಬರದೇ ಇದ್ದ ನೆಂಟ್ರೆಲ್ಲ ಈಗ ಸೇತುವೆ ನೋಡೋಕೆ ಬರ್ತಿದಾರೆ. ಮನೆ ಒಂದಿನ ಖಾಲಿ ಇಲ್ಲ. ಅವ್ರನ್ನ ಬಿಟ್ಟು ನಾ ಹೆಂಗೆ ಬರ್ಲಿ? ಲಾಂಚ್ ಇದ್ದಾಗ್ಲೇ ಆರಾಮಿತ್ತು."

ರೋಗಿಯ ಮಾತು

ಸದಸ್ಯರ ಸುದ್ದಿ ಸಿಗದಿದ್ದರೆ ಬೇಡ, ಗುಣವಾದ ರೋಗಿಗಳ ಮಾತನ್ನಾದರೂ ಹಾಕೋಣ, ಅದನ್ನು ಓದಿಯಾದರೂ ನಮ್ಮವರಿಗೆ ಹುಮ್ಮಸ್ಸು ಬಂದು ಸಭೆಗೆ ಹೊರಟಾರು ಎಂದು ಯೋಚಿಸಿದೆ. ಕೆಳದಿ ಹತ್ತಿರದ ಅಜ್ಜಿಯೊಬ್ಬರಿಗೆ ಎರಡು ತಿಂಗಳ ಹಿಂದೆ ಮೊಣಕಾಲಿನ ವ್ಯಾಯಾಮ ಹೇಳಿಕೊಟ್ಟಿದ್ದೆ. ದಿನಕ್ಕೆ ಮೂರು ಹೊತ್ತು, ತಪ್ಪಿಸಬಾರದು ಎಂದು ಕಟ್ಟಪ್ಪಣೆಯನ್ನೂ ಮಾಡಿದ್ದೆ. ಪೆನ್ನು, ಪುಸ್ತಕ ಹಿಡಿದು ಅವರ ಮನೆಗೇ ಹೋದೆ.

ಬಾಗಿಲಿಗೆ ಬಂದ ಅಜ್ಜಿ ಮೊದಲಿನ ಹಾಗೇ ಕುಂಟುತ್ತಿದ್ದರು. ವ್ಯಾಯಾಮ ನಡೆಯುತ್ತಿದೆಯಾ ಎಂದು ಅನುಮಾನದಿಂದ ಕೇಳಿದೆ. ಒಂದು ಹೊತ್ತೂ ತಪ್ಪಿಲ್ಲ ಎಂದು ಆಣೆ ಮಾಡಿದರು. ಹಾಗಾದರೆ ಕಾಲು ಯಾಕೆ ಹೀಗಿದೆ ಎಂದು ನಾನು ಬಗ್ಗಿ ನೋಡಲು ಹೋದರೆ, ಅಜ್ಜಿ ನನ್ನ ಭುಜ ಹಿಡಿದು ಎಬ್ಬಿಸಿ ಸಮಾಧಾನ ಮಾಡಿದರು. "ಯಂಗೆ ಪುರ್ಸೊತ್ತು ಎಲ್ಲಿದ್ದು ತಂಗಿ? ಸೊಸೆ ಹತ್ರ ಮಾಡಸ್ತಾ ಇದ್ದಿ. ಅವಳ ಮೊಣಕಾಲು ಈಗ ಭಾರೀ ಚೊಲೊ ಆಯ್ದು."

ವಾರ್ಷಿಕ ಸಭೆ

ಅಂತೂ ಆ ದಿನ ಬಂತು. ಮೂರು ತಾಲ್ಲೂಕಿಗೂ ನಡುವೆ ಆಗುತ್ತದೆಂದು ಹೊಸನಗರದಲ್ಲೇ ಸಭೆ ಇಟ್ಟಿದ್ದೆ. ಎರಡು ತಿಂಗಳಿಂದ ಗುಂಪಿನಲ್ಲಿ ನೆನಪಿಸಿ ನೆನಪಿಸಿ ನನಗೇ ನಾಚಿಕೆಯಾಗಿತ್ತು. ಹತ್ತೂವರೆಯ ಸಭೆಗೆ ಹನ್ನೊಂದೂವರೆಯಾದರೂ ಸಭಾಂಗಣದಲ್ಲಿ ಇದ್ದದ್ದು ನನ್ನನ್ನೂ ಸೇರಿಸಿ ಐದೇ ಜನ. ಎದುರಿಗೆ ಜಿಲ್ಲೆಯಿಂದ ಬಂದ ವೀಕ್ಷಕರು. ಹೆಚ್ಚು ಮಾತಿಲ್ಲದ ಮನುಷ್ಯ, ಹಾಜರಿ ಪುಸ್ತಕವನ್ನೂ ಗಡಿಯಾರವನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಹನ್ನೆರಡೂವರೆವರೆಗೆ ಕಾಯುತ್ತೇನೆ, ಆಮೇಲೆ ಶಾಖೆ ಮುಚ್ಚಿದ ವರದಿ ಬರೆಯುತ್ತೇನೆ ಎಂದರು.

ಅಷ್ಟರಲ್ಲಿ, ಸಭಾಂಗಣ ಗೊತ್ತುಮಾಡಿ ಊಟಕ್ಕೆ ಹೇಳಿದ್ದ ಹೊಸನಗರದ ಸದಸ್ಯೆಯ ಫೋನು. ಸೊಂಟ ಹಿಡಿದುಕೊಂಡಿದೆ, ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲ ಎಂದು ಅಳು. ಹೇಗಾಯಿತು ಎಂದೆ. ಸೊಂಟ ಹಿಡಿಯದ ಹಾಗೆ ಗ್ಯಾಸ್ ಸಿಲಿಂಡರ್ ಎತ್ತುವುದು ಹೇಗೆ ಎಂದು ಬೆಳಿಗ್ಗೆ ಗಂಡನಿಗೆ ತೋರಿಸಿಕೊಡಲು ಹೋಗಿದ್ದಳಂತೆ.

ಇವಳೂ ಬರುವುದಿಲ್ಲ ಎಂದು ಬೇಸರದಲ್ಲಿ ಗುಂಪಿಗೆ ಹಾಕಿದೆ. ಎರಡು ತಿಂಗಳು ಉಸಿರೆತ್ತದ ಗುಂಪು ಒಮ್ಮೆಲೇ ಕೆರಳಿತು. ಬಿಸಿ ಶಾಖ ಕೊಡಿ ಎಂದು ಸಾಗರದವರೊಬ್ಬರು ಬರೆದರು. ಶಾಖ ಕೊಟ್ಟೀರಿ ಜೋಕೆ, ಐಸ್ ಇಡಿ ಎಂದು ತೀರ್ಥಹಳ್ಳಿಯ ಅಧ್ಯಕ್ಷರು. ಬೋರಲು ಮಲಗಿಸಿ ಎಂದು ಒಬ್ಬರು, ಬೋರಲು ಮಲಗಿಸಿದರೆ ಕೆಟ್ಟಿತು, ಅಂಗಾತ ಮಲಗಿಸಿ ಮಂಡಿ ಮಡಿಸಿ ಎಂದು ಇನ್ನೊಬ್ಬರು. ಆಮೇಲೆ ಒಬ್ಬೊಬ್ಬರದೇ ಫೋನು, ಎಲ್ಲರದೂ ಒಂದೇ ಮಾತು: ನಾನು ಬರುವವರೆಗೆ ಅವರ್‍ಯಾರಿಗೂ ಮುಟ್ಟಲು ಬಿಡಬೇಡಿ, ಹೊರಟೆ.

ಇನ್ನೂ ಸ್ವಲ್ಪ ಕಾಯಿರಿ ಎಂದು ವೀಕ್ಷಕರ ಕೈಕಾಲು ಹಿಡಿದು, ಹಾಜರಿ ಪುಸ್ತಕದ ಸಮೇತ ಅವರನ್ನು ಪಕ್ಕದ ಬೀದಿಯಲ್ಲಿದ್ದ ಸದಸ್ಯೆಯ ಮನೆಗೇ ಕರೆದೊಯ್ದೆ. ಒಂದೂವರೆಯ ಹೊತ್ತಿಗೆ ಅಂಗಳದಲ್ಲಿ ಕಾರು, ಬೈಕು ನಿಲ್ಲಿಸಲು ಜಾಗವಿಲ್ಲ. ತುಮರಿಯವರಂತೂ ನೆಂಟರನ್ನು ದಾರಿಯಲ್ಲಿ ಸಿಗುವ ನಗರ ಎಂಬ ಊರಿನ ಕೋಟೆ ನೋಡಲು ಇಳಿಸಿ ಬಂದಿದ್ದರು. ಮಂಚದ ಸುತ್ತ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ವಾದ ನಡೆಸುತ್ತಿದ್ದಾಗ ನಾನು ಪುಸ್ತಕ ಹಿಡಿದು ಸುತ್ತು ಹೊಡೆದೆ. ಬೇರೆ ದಿನ ಸಹಿಗೆ ಸತಾಯಿಸುವವರು, ವಾದ ನಿಲ್ಲಿಸಲು ಮನಸ್ಸಿಲ್ಲದೆ ಪುಸ್ತಕದ ಕಡೆ ನೋಡದೆಯೇ ಸಹಿ ಹಾಕಿದರು. ನನ್ನನ್ನೂ ಸೇರಿಸಿ ನಿಂತವರು ಹದಿನಾಲ್ಕು. ಹದಿನೈದನೆಯ ಸಹಿಯನ್ನು ಮಲಗಿದ್ದವಳೇ ತಲೆದಿಂಬಿನ ಮೇಲಿಟ್ಟು ಹಾಕಿದಳು.

ಶಾಖೆ ಮುಂದುವರಿಯಬೇಕು ಎನ್ನುವವರು ಕೈ ಎತ್ತಿ ಎಂದರು ವೀಕ್ಷಕರು. ಎಲ್ಲರ ಕೈಯೂ ಮೇಲೆ ಹೋಯಿತು. ಅವರು ಕನ್ನಡಕ ಸರಿಮಾಡಿಕೊಂಡು, ಇಷ್ಟು ಆಸಕ್ತಿಯಿಂದ ಸದಸ್ಯರು ಭಾಗವಹಿಸುವ ಶಾಖೆ ಜಿಲ್ಲೆಯಲ್ಲೇ ಇಲ್ಲ ಎಂದು ವರದಿಯಲ್ಲಿ ಬರೆದರು. ಸಂಘ ಉಳಿಯಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟು ಹೊತ್ತೂ ಬಾಗಿಲ ಬಳಿ ಕಾಫಿಯ ತಟ್ಟೆ ಹಿಡಿದು ಸಭೆ ನೋಡುತ್ತಿದ್ದ ಆ ಮನೆಯ ಅತ್ತೆ ಮೆಲ್ಲಗೆ ಮುಂದೆ ಬಂದರು. ಸೊಸೆ ಬೆಳಿಗ್ಗೆ ಮಲಗಿದ ಭಂಗಿಯಲ್ಲೇ ಮಲಗಿದ್ದಳು, ಆ ಹದಿನಾಲ್ಕು ಜನರಲ್ಲಿ ಒಬ್ಬರೂ ಅವಳ ಸೊಂಟ ಮುಟ್ಟಿರಲಿಲ್ಲ.

"ಇಷ್ಟು ಜನ ಬಂದ್ರಿ, ಭಾರಿ ಸಂತೋಷ ಆಯ್ತು," ಎಂದರು ಅತ್ತೆ ನನ್ನ ಕಡೆ ತಿರುಗಿ. "ನಿಮ್ದೆಲ್ಲ ಮುಗೀತಲ್ಲ? ಇನ್ನು ಡಾಕ್ಟ್ರನ್ನ ಕರೆಸ್ಬೋದಾ?"